ನೀರಿನ ಮೇಲೆ ಹಾಕಿದ ತಪ್ಪು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ದೊಡ್ಡನಾರಾಯಣಪ್ಪನವರೇ, ಕೋಲಾರದಿಂದ ಮುಖ್ಯ ಅತಿಥಿಗಳಾಗಿ ಬಂದಿರುವ ಡಾಕ್ಟರ್ ಅಮರನಾಥ್ ಅವರೇ, ನೀರಿನ ಸಮಿತಿಯ ಸದಸ್ಯರೇ, ತಾಯಲೂರಿನಿಂದ, ಆವನಿಯಿಂದ, ಸುತ್ತಮುತ್ತಲ ಹಳ್ಳಿಗಳಿಂದ ಬಂದಿರುವ ರೈತ ಬಂಧುಗಳೇ, ತಾಯಂದಿರೇ, ಭಾಷಣ ಮುಗಿಯುವ ಮೊದಲೇ ಬಿಸ್ಕತ್ತಿನ ಪೊಟ್ಟಣ ಬಿಚ್ಚಿರುವ ಶಾಲೆಯ ಮಕ್ಕಳೇ, ನನ್ನ ಮನೆಯವರೇ, ಸಭಿಕರೇ,

ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಇವತ್ತಿಗೆ ಹತ್ತು ವರ್ಷ ತುಂಬಿತು. ಅದರ ನೆಪದಲ್ಲಿ ನನಗೆ ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ಸನ್ಮಾನ ಪತ್ರ ಓದಿದ್ದೀರಿ. ಪತ್ರದಲ್ಲಿ ನನ್ನನ್ನು ಭಗೀರಥ ಎಂದು ಬರೆದಿದ್ದಾರೆ. ಭಗೀರಥ ತಪಸ್ಸು ಮಾಡಿದ. ನಾನು ಮಾಡಿದ್ದು ಹತ್ತು ವರ್ಷ ಅರ್ಜಿ ಬರೆದದ್ದು. ತಪಸ್ಸಿಗೆ ದೇವರು ಬೇಗ ಒಲಿಯುತ್ತಾನೇನೋ, ಅರ್ಜಿಗೆ ಯಾರೂ ಬೇಗ ಒಲಿಯುವುದಿಲ್ಲ. ನಗಬೇಡಿ, ನಿಮ್ಮಲ್ಲಿ ಅರ್ಧ ಜನ ಆ ಅರ್ಜಿಗಳಿಗೆ ಹೆಬ್ಬೆಟ್ಟು ಒತ್ತಿದವರೇ.

ನಾನು ಒಂದು ಭಾಷಣ ಬರೆದುಕೊಂಡು ಬಂದಿದ್ದೆ. ನಾಲ್ಕು ಪುಟ. ಅದನ್ನು ಓದುವುದಿಲ್ಲ. ಯಾಕೆ ಓದುವುದಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೇಕಾದರೆ ಕೇಳಿ, ಬೇಡವಾದರೆ ಹಿಂದುಗಡೆ ಕಾಫಿ ಕೊಡುತ್ತಿದ್ದಾರೆ. ಬರುವ ಭಾನುವಾರ ನಮ್ಮ ಮನೆಯಲ್ಲಿ ನಿಶ್ಚಿತಾರ್ಥ ಎಂದು ನಿಮಗೆಲ್ಲ ಕರೆ ಬಂದಿದೆ. ನನ್ನ ಮಗ ಚಂದ್ರುವಿಗೆ ನನ್ನ ಮಗಳು ಸುನಂದಳ ಮಗಳು ಅನಿತಳನ್ನು ತಂದುಕೊಳ್ಳುವುದೆಂದು ಮಾತಾಗಿದೆ. ಸೋದರಮಾವನಿಗೆ ಅಕ್ಕನ ಮಗಳು. ನಮ್ಮ ಕಡೆ ಇದಕ್ಕಿಂತ ಸಲೀಸಾದ ಸಂಬಂಧ ಯಾವುದಿದೆ? ಜಾತಕ ಕೇಳುವ ಹಾಗಿಲ್ಲ, ಮನೆತನ ವಿಚಾರಿಸುವ ಹಾಗಿಲ್ಲ. ಆ ನಿಶ್ಚಿತಾರ್ಥವನ್ನು ತಪ್ಪಿಸಬೇಕು. ಮನೆಯಲ್ಲಿ ಕೂತು ಹೇಳಿದೆ, ನನ್ನ ಹೆಂಡತಿ ನಂಬಲಿಲ್ಲ. ಯಾಕೆ ನಂಬಲಿಲ್ಲ ಎಂದರೆ, ಇದೇ ಮೈಕಿನಲ್ಲಿ ನಿಂತು ನಾನೇ ಬೇರೆ ಮಾತು ಹೇಳಿದ್ದೆ.

ಹಾಗಾಗಿ ಇವತ್ತು ಇದೇ ಮೈಕಿನಲ್ಲಿ ಅದನ್ನು ವಾಪಸು ತೆಗೆದುಕೊಳ್ಳಬೇಕು. ದೊಡ್ಡನಾರಾಯಣಪ್ಪನವರೇ, ನೀವು ಗಡಿಯಾರ ನೋಡಿದ್ದು ನನಗೆ ಕಾಣಿಸಿತು. ಇಪ್ಪತ್ತು ನಿಮಿಷ ಕೊಡಿ.

ನಾನು ಮೂವತ್ತನಾಲ್ಕು ವರ್ಷ ರೇಷ್ಮೆ ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡಿದವನು. ನಿಮ್ಮ ಮನೆಗೆ ಬರುವ ರೇಷ್ಮೆ ಮೊಟ್ಟೆ ತಯಾರಾಗುವ ಜಾಗ ಅದು. ಹಿಪ್ಪುನೇರಳೆ ಬೆಳೆಯುವವರಿಗೆ ಇದೆಲ್ಲ ಗೊತ್ತು, ಟೊಮೆಟೊ ಬೆಳೆಯುವವರಿಗಾಗಿ ಹೇಳುತ್ತೇನೆ. ಕೋಠಿಯಲ್ಲಿ ನಮ್ಮ ಮುಖ್ಯ ಕೆಲಸವೇನು? ಮದುವೆ ಮಾಡಿಸುವುದು. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ಬಿಳಿ ಗೂಡಿನ ತಳಿಯ ಗಂಡು ಚಿಟ್ಟೆ. ಚಿಟ್ಟೆ ಹೊರಗೆ ಬರುವ ಮೊದಲೇ ಗೂಡು ಕತ್ತರಿಸಿ, ಒಳಗಿನ ಕೋಶ ತೆಗೆದು, ಬಾಲದ ಕಡೆಯ ಗುರುತು ನೋಡಿ, ಗಂಡನ್ನು ಒಂದು ಕೋಣೆಯಲ್ಲಿ, ಹೆಣ್ಣನ್ನು ಇನ್ನೊಂದು ಕೋಣೆಯಲ್ಲಿ ಇಡುತ್ತಿದ್ದೆವು. ಯಾಕೆ? ಒಂದೇ ತಟ್ಟೆಯ ಅಣ್ಣ ತಂಗಿ ಕೂಡಿಬಿಟ್ಟರೆ ಆ ಮೊಟ್ಟೆ ಪ್ರಯೋಜನವಿಲ್ಲ. ಹುಳು ಸೊರಗುತ್ತದೆ, ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ಹಂತ, ದಾಟುವುದಿಲ್ಲ. ಯಾರಾದರೂ ಹೊಸ ಹುಡುಗ ಕಣ್ತಪ್ಪಿ ಹಾಗೆ ಮಾಡಿದರೆ ನಾನು ಬೈಯುತ್ತಿದ್ದ ಬೈಗುಳ ಈ ಮಕ್ಕಳ ಮುಂದೆ ಹೇಳುವಂಥದ್ದಲ್ಲ.

ರೈತನಿಗೆ ಬೆಳೆ ಹೋದರೆ ಹುಳದ ಮನೆಗೆ ನಾನೇ ಹೋಗುತ್ತಿದ್ದೆ. ಮೂರು ಪ್ರಶ್ನೆ ಕೇಳುತ್ತಿದ್ದೆ. ಮೊಟ್ಟೆ ಎಲ್ಲಿಂದ ತಂದೆ? ಸೊಪ್ಪು ಎಂಥದ್ದು ಹಾಕಿದೆ? ಮನೆಯ ಗಾಳಿ, ಶಾಖ ಹೇಗಿತ್ತು? ಮೂರೂ ಕೇಳದೆ ಯಾವತ್ತೂ ಬಾಯಿ ಬಿಟ್ಟವನಲ್ಲ. ಒಳ್ಳೆಯ ತಳಿಗೆ ಕೆಟ್ಟ ಸೊಪ್ಪು ಹಾಕಿದರೆ ಹೋಯಿತು. ಒಳ್ಳೆಯ ಸೊಪ್ಪಿದ್ದೂ ಮನೆ ಬೆಂದರೆ ಹೋಯಿತು. ತಳಿಯೇ ಸೋತಿದ್ದರೆ ಸೊಪ್ಪು, ಮನೆ ಎರಡೂ ಎಷ್ಟು ಚೆನ್ನಾಗಿದ್ದರೂ ಅರ್ಧ ಬೆಳೆ. ಇದು ಹುಳುವಿನ ವಿಚಾರ. ಮನುಷ್ಯರ ವಿಚಾರದಲ್ಲಿ ನಾನು ಒಂದೇ ಪ್ರಶ್ನೆ ಕೇಳಿದೆ.

ತೊಂಬತ್ತೆಂಟನೇ ಇಸವಿ. ನನ್ನ ಮಗಳು ಸುನಂದಳಿಗೆ ಹತ್ತೊಂಬತ್ತು ವರ್ಷ. ನನ್ನ ಹೆಂಡತಿ ಶಾಮಲಮ್ಮನ ತಮ್ಮ ಮುನಿಶಾಮಿಗೆ ಇಪ್ಪತ್ತೆಂಟು. ನಮ್ಮ ಮನೆಯಲ್ಲಿ ಸಮಾಧಾನದ ಮಾತು ಕನ್ನಡದಲ್ಲಿ, ಹಟದ ಮಾತು ತೆಲುಗಿನಲ್ಲಿ. ಶಾಮಲಮ್ಮ ತೆಲುಗಿನಲ್ಲಿ ಹೇಳಿದಳು: "ಮನ ಪಿಲ್ಲ ಮನ ಇಂಟ್ಲೋನೇ ಉಂಡಾಲ." ನಮ್ಮ ಹುಡುಗಿ ನಮ್ಮ ಮನೆಯಲ್ಲೇ ಇರಬೇಕು. ಬೇಡ ಎನ್ನಲು ನನಗೇನಿತ್ತು? ಮುನಿಶಾಮಿ ಕುಡಿಯುವವನಲ್ಲ, ಕೈಕೆಸರು ಮಾಡಿಕೊಂಡು ದುಡಿಯುವವನು. ಸುನಂದಳನ್ನು ಕೇಳಿದೆವೋ? ಕೇಳಿದೆವು. ಎಲ್ಲ ನಿಶ್ಚಯವಾದ ಮೇಲೆ ಕೇಳಿದೆವು. "ನೀವು ಹೇಳ್ದಂಗೆ ಆಗ್ಲಿ ಅಪ್ಪ" ಎಂದಳು. ಮದುವೆಯ ಹಿಂದಿನ ದಿನವೂ ನನಗೆ ರಜೆ ಸಿಗಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಗಂಡು ಕೋಶ, ಹೆಣ್ಣು ಕೋಶ ಬೇರೆ ಬೇರೆ ಮಾಡಿ, ಕೈ ತೊಳೆದುಕೊಂಡು, ಬಸ್ಸು ಹತ್ತಿ ಬಂದು ಮಗಳ ಧಾರೆಗೆ ಕೂತೆ. ಆ ಬಸ್ಸಿನಲ್ಲಿ ನನಗೆ ಒಂದು ಸಲವಾದರೂ ಹೊಳೆಯಬೇಕಿತ್ತೋ ಇಲ್ಲವೋ, ನೀವೇ ಹೇಳಿ. ಹೊಳೆಯಿತು ಎಂದೇ ಇವತ್ತು ಅನ್ನಿಸುತ್ತದೆ. ಕಿಟಕಿಯ ಕಡೆ ಮುಖ ತಿರುಗಿಸಿದೆ, ಅಷ್ಟೇ.

ಗೋಪಿ ಹುಟ್ಟಿದ. ನಡೆಯುವುದು ತಡವಾಯಿತು. ಮೂರು ವರ್ಷಕ್ಕೆ ಕಾಲು ಬಾಗಿತು, ಐದು ವರ್ಷಕ್ಕೆ ಎರಡು ಮಂಡಿಯ ನಡುವೆ ನನ್ನ ಮುಷ್ಟಿ ಹಿಡಿಯುವಷ್ಟು ಸಂದು. ಆಗ ನಮ್ಮೂರಿನ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿದವರು ಫ್ಲೋರೈಡ್ ಜಾಸ್ತಿ ಎಂದರು. ನಿಜವೇ. ನಮ್ಮ ಹಲ್ಲುಗಳನ್ನು ನೋಡಿದರೆ ಸಾಕು, ಪರೀಕ್ಷೆ ಬೇಕಿರಲಿಲ್ಲ. ಮುದುಕರ ಬೆನ್ನು ಬಾಗಿತ್ತು, ಕುತ್ತಿಗೆ ತಿರುಗುತ್ತಿರಲಿಲ್ಲ, ಅದೂ ನೀರಿನದೇ. ಸರಿ, ನನ್ನ ಮೊಮ್ಮಗನ ಕಾಲಿಗೂ ಕಾರಣ ಸಿಕ್ಕಿತು. ನನಗೆ ಎಷ್ಟು ನೆಮ್ಮದಿಯಾಯಿತು ಎಂದು ಹೇಳಲು ಇವತ್ತು ನಾಚಿಕೆಯಾಗುತ್ತದೆ.

ಆದರೆ ಒಂದು ಮಾತು. ಊರಿನ ಎಲ್ಲ ಮಕ್ಕಳೂ ಅದೇ ನೀರು ಕುಡಿಯುತ್ತಿದ್ದರು. ಎಲ್ಲರ ಹಲ್ಲೂ ಹಳದಿಯಾಗಿತ್ತು. ಹೀಗೆ ಕಾಲು ಬಾಗಿದ್ದು ನಮ್ಮ ಗೋಪಿಯದು ಮಾತ್ರ. ಹುಳದ ಮನೆಯಲ್ಲಿ ನೂರು ತಟ್ಟೆಯಲ್ಲಿ ಒಂದು ತಟ್ಟೆ ಮಾತ್ರ ಸೊರಗಿದರೆ ನಾನು ಮೊದಲು ಏನು ಕೇಳುತ್ತಿದ್ದೆ? ಆ ತಟ್ಟೆಯ ಮೊಟ್ಟೆ ಯಾವುದು ಎಂದು ಕೇಳುತ್ತಿದ್ದೆ. ಇಲ್ಲಿ ಕೇಳಲಿಲ್ಲ.

ಕೇಳಿದವರು ಒಬ್ಬರಿದ್ದರು. ಅವರು ಈಗ ನನ್ನ ಬಲಗಡೆ ಕೂತಿದ್ದಾರೆ. ಎರಡು ಸಾವಿರದ ಐದರಲ್ಲಿ ನಮ್ಮ ಶಾಲೆಯಲ್ಲಿ ಆರೋಗ್ಯ ಶಿಬಿರ. ಡಾಕ್ಟರ್ ಅಮರನಾಥ್ ಅವರಿಗೆ ಆಗ ತಲೆ ತುಂಬ ಕೂದಲಿತ್ತು. ಗೋಪಿಯ ಕಾಲು ನೋಡಿದರು, ಮೆಲ್ಲಗೆ ಕೇಳಿದರು: "ಯಜಮಾನ್ರೇ, ಮಗುವಿನ ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆ ಆದವ್ರಾ? ಒಂದು ರಕ್ತ ಪರೀಕ್ಷೆ, ಒಂದು ಮೂತ್ರ ಪರೀಕ್ಷೆ ಮಾಡಿಸೋಣ. ನೀರೊಂದೇ ಅಲ್ಲ ಅನ್ಸುತ್ತೆ." ನನಗೆ ಎಲ್ಲಿಂದ ಬಂತೋ ಕೋಪ. ಊರ ಮುಂದೆ ಕೂಗಿದೆ: "ನಮ್ಮ ಬೋರ್‌ವೆಲ್ ನೋಡ್ರೀ ಅಂದ್ರೆ ನಮ್ಮ ಹೆಣ್ಮಕ್ಳ ಸಂಸಾರ ನೋಡ್ತೀರಾ? ನೀರು ಸರಿ ಮಾಡೋಕೆ ಯೋಗ್ಯತೆ ಇಲ್ಲ, ನಮ್ಮ ರಕ್ತದ ಬಗ್ಗೆ ಮಾತಾಡ್ತೀರಾ?" ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅವತ್ತಿನಿಂದಲೇ ನನಗೆ ನೀರಿನ ಗಂಗುಲಪ್ಪ ಎಂಬ ಹೆಸರು ಬಂದದ್ದು.

ಡಾಕ್ಟರೇ, ಆ ಚಪ್ಪಾಳೆಗೆ ನಾನು ಕ್ಷಮೆ ಕೇಳುತ್ತೇನೆ. ಇಪ್ಪತ್ತು ವರ್ಷ ತಡವಾಯಿತು.

ಆಮೇಲೆ ನಾನು ಗೋಪಿಯನ್ನು ಎತ್ತಿಕೊಂಡು ಕಚೇರಿ ಕಚೇರಿ ಅಲೆದೆ. ಹೋದ ಕಡೆಯೆಲ್ಲ ಮಗುವಿನ ಚಡ್ಡಿ ಮೇಲೆತ್ತಿ ಕಾಲು ತೋರಿಸಿದೆ. ಪತ್ರಿಕೆಯವರು ಫೋಟೋ ತೆಗೆದರು. ಒಂದು ದಿನ ಅವನು ಕೇಳಿದ: "ತಾತ, ಇವತ್ತೂ ಕಾಲು ತೋರಿಸ್ಬೇಕಾ?" ತೋರಿಸು ಕಣೋ, ನೀರು ಬರುತ್ತೆ ಎಂದೆ. ಆ ಕಾಲು ಇಲ್ಲದಿದ್ದರೆ ಈ ಘಟಕ ಬರುತ್ತಿತ್ತೋ ಇಲ್ಲವೋ ನನಗೆ ಅನುಮಾನ. ಆದ್ದರಿಂದ ಸನ್ಮಾನ ಯಾರಿಗಾದರೂ ಸಲ್ಲಬೇಕಾದರೆ ಅದು ಅವನಿಗೆ. ಅಗೋ, ಆ ಕಂಬದ ಪಕ್ಕ ಗಾಲಿ ಕುರ್ಚಿಯಲ್ಲಿ ಕೂತಿದ್ದಾನೆ, ಇಪ್ಪತ್ತೈದು ವರ್ಷದ ಗಂಡಸು. ನಾನು ಅವನ ಕಾಲನ್ನು ಊರಿಗೆಲ್ಲ ತೋರಿಸಿದೆ, ಒಂದು ತೊಟ್ಟು ರಕ್ತವನ್ನು ಡಾಕ್ಟರಿಗೆ ತೋರಿಸಲಿಲ್ಲ.

ಇನ್ನೊಂದು ತಪ್ಪನ್ನೂ ಹೇಳಬೇಕು, ಇದರಲ್ಲಿ ನೀವೂ ಪಾಲುದಾರರು. ನಮ್ಮ ಮನೆಯಲ್ಲಿ ಎರಡು ಸೀಮೆ ಹಸು ಇದ್ದವು. ಬೆಳಿಗ್ಗೆಯ ಹಾಲು ಡೈರಿಗೆ, ಸಂಜೆಯ ಹಾಲು ಡೈರಿಗೆ. ಮಕ್ಕಳಿಗೆ? ಟೀ. ಅದೇ ಬೋರ್ ನೀರಿನಲ್ಲಿ ಕುದಿಸಿದ, ಹಾಲಿನ ನೆರಳು ಬಿದ್ದ ಟೀ. ಟೀ ಪುಡಿಯಲ್ಲೂ ಫ್ಲೋರೈಡ್ ಇರುತ್ತದಂತೆ. ರಾಗಿ ಬೆಳೆಯುವ ಊರಿನಲ್ಲಿ ಮಕ್ಕಳು ಮುದ್ದೆ ಬೇಡ, ಅನ್ನ ಬೇಕು ಎಂದರೆ ನಾವೂ ಹೂಂ ಎಂದೆವು. ಮೂಳೆಗೆ ಬೇಕಾದ್ದನ್ನು ಮಾರಿ, ಬೇಡವಾದದ್ದನ್ನು ಕುಡಿಸಿದೆವು. ಇದಕ್ಕೆ ಯಾವ ಸರ್ಕಾರಕ್ಕೆ ಅರ್ಜಿ ಬರೆಯೋಣ?

ಗೋಪಿಯ ನಂತರ ಅನಿತ. ಅವಳಿಗೆ ಏನೂ ಆಗಲಿಲ್ಲ, ಮೇಕೆಮರಿಯ ಹಾಗೆ ನೆಗೆದಾಡಿಕೊಂಡು ಬೆಳೆದಳು. ನೋಡಿದಿರಾ, ರಕ್ತದ ದೋಷವಾಗಿದ್ದರೆ ಇವಳಿಗೂ ಬರಬೇಕಿತ್ತಲ್ಲ ಎಂದು ನಾನು ವಾದ ಮಾಡಿದೆ. ತುಂಬ ವರ್ಷಗಳ ಮೇಲೆ ಸುನಂದ ಮತ್ತೆ ಬಸುರಿಯಾದಳು. ಈ ಸಲ ನಾನು ಬಿಡಲಿಲ್ಲ. ಮೊದಲ ತಿಂಗಳಿನಿಂದಲೇ ಮುಳಬಾಗಿಲಿನಿಂದ ಟಿವಿಎಸ್ ಗಾಡಿಯಲ್ಲಿ ಕ್ಯಾನ್ ನೀರು ತಂದೆ. ಒಂದು ದಿನ ತಪ್ಪಿಸಲಿಲ್ಲ. ಭಾರತಿ ಹುಟ್ಟಿದಳು. ಅವಳಿಗೂ ಕ್ಯಾನ್ ನೀರೇ. ಅವಳಿಗೆಂದು ಹಾಲು ಕೂಡ ಎತ್ತಿಟ್ಟೆವು. ಎರಡೂವರೆ ವರ್ಷಕ್ಕೆ ಅವಳ ಕಾಲೂ ಬಾಗಲು ಶುರುವಾಯಿತು.

ನಾಲ್ಕು ವರ್ಷ ತುಂಬಿದ ಮೇಲೆ ಒಂದು ದಿನ ವಾಂತಿ, ಭೇದಿ. ಮಾರನೇ ಬೆಳಿಗ್ಗೆ ಮಗು ಕೈಯೆತ್ತಲಿಲ್ಲ, ಕತ್ತೆತ್ತಲಿಲ್ಲ. ಕೋಲಾರಕ್ಕೆ ಹೊತ್ತುಕೊಂಡು ಓಡಿದೆವು. ಸಾಕಷ್ಟು ಪ್ರಯತ್ನ ಮಾಡಿದರು, ಮಗು ಉಳಿಯಲಿಲ್ಲ. ಈ ಘಟಕದ ಉದ್ಘಾಟನೆಗೆ ಆಗ ಎಂಟು ದಿನ ಬಾಕಿ.

ಡಾಕ್ಟರ್ ಅಮರನಾಥ್ ಆ ಹೊತ್ತಿಗೆ ಅಲ್ಲೇ ಇದ್ದರು. ನನ್ನನ್ನು ಒಬ್ಬನನ್ನೇ ಪಕ್ಕಕ್ಕೆ ಕರೆದು ಹೇಳಿದರು. ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ಅವರು ತಿದ್ದಲಿ. ಕೆಲವರ ಮೂತ್ರಪಿಂಡ ದೇಹದ ಆಮ್ಲವನ್ನು ಸರಿಯಾಗಿ ಹೊರಗೆ ಹಾಕುವುದಿಲ್ಲ. ಆ ಆಮ್ಲ ಮೂಳೆಯನ್ನು ತಿನ್ನುತ್ತದೆ. ಅಂಥವರಿಗೆ ವಾಂತಿ ಭೇದಿಯಾದರೆ ರಕ್ತದ ಲವಣ ಇಳಿದುಹೋಗಿ ಕೈಕಾಲು ಸೋಲುತ್ತದೆ, ಜೀವಕ್ಕೇ ಅಪಾಯ. ಹುಟ್ಟಿನಿಂದ ಬರುವ ದೋಷ, ಪುಸ್ತಕದಲ್ಲಿ ವಂಶವಾಹಿಯ ದೋಷ ಎನ್ನುತ್ತಾರೆ. ಒಬ್ಬರಲ್ಲಿ ಆ ದೋಷದ ಒಂದೇ ಪ್ರತಿ ಇದ್ದರೆ ಏನೂ ತೊಂದರೆಯಿಲ್ಲ, ಅದು ಇರುವುದೇ ಗೊತ್ತಾಗುವುದಿಲ್ಲ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಒಂದೇ ಮಗುವಿಗೆ ಬಂದರೆ ಕಾಯಿಲೆ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅಂಥ ಮಗು ಫ್ಲೋರೈಡ್ ನೀರು ಕುಡಿದರೆ, ಹಾಲಿಲ್ಲದೆ ಬೆಳೆದರೆ, ಮೂಳೆಗೆ ಮೂರು ಕಡೆಯಿಂದ ಪೆಟ್ಟು. ಗೋಪಿಗೆ ಮೂರೂ ಬಿದ್ದಿತ್ತು. ಭಾರತಿಗೆ ಒಂದೇ. ಆ ಒಂದೇ ಸಾಕಾಯಿತು.

ಡಾಕ್ಟರು ಗೋಪಿಗೆ ಔಷಧಿ ಬರೆದುಕೊಟ್ಟರು. ದಿನವೂ ಕುಡಿಯುವ ಒಂದು ದ್ರಾವಣ. ಮನೆಗೆ ತಂದು ನಾನು ಏನೆಂದು ಹೇಳಿದೆ? ನೀರಿನ ವಿಷ ತೆಗೆಯುವ ಟಾನಿಕ್ ಎಂದೆ. ಗೋಪಿಯ ನೋವು ಕಡಿಮೆಯಾಯಿತು, ಮುಖಕ್ಕೆ ಕಳೆ ಬಂತು, ಬಾಗಿದ ಕಾಲು ಬಾಗಿದ ಹಾಗೇ ಉಳಿಯಿತು. ಎಂಟು ದಿನ ಆದ ಮೇಲೆ ಇದೇ ಜಾಗದಲ್ಲಿ ನಿಂತು, ಕಣ್ಣೀರು ಒರೆಸಿಕೊಂಡು ಹೇಳಿದೆ: "ನನ್ನ ಇಬ್ಬರು ಮೊಮ್ಮಕ್ಕಳನ್ನು ಈ ನೀರು ತಿಂದಿತು. ಇನ್ನು ಮೇಲೆ ನಮ್ಮೂರಿನಲ್ಲಿ ಇಂಥ ಮಗು ಹುಟ್ಟುವುದಿಲ್ಲ." ಗೊತ್ತಿದ್ದೂ ಹೇಳಿದೆ. ಹತ್ತು ವರ್ಷ ನೀರು ನೀರು ಎಂದು ಕೂಗಿದವನಿಗೆ ರಿಬ್ಬನ್ ಕತ್ತರಿಸುವ ದಿನ ರಕ್ತ ಎನ್ನಲು ಬಾಯಿ ಬರಲಿಲ್ಲ. ಹೆದರಿಕೊಂಡೆ ಸ್ವಾಮಿ. ಊರು ಏನನ್ನುತ್ತದೋ ಎಂದು ಹೆದರಿದೆ, ನನ್ನ ಮಗಳ ಮುಖ ನೋಡಬೇಕಲ್ಲ ಎಂದು ಇನ್ನೂ ಹೆದರಿದೆ.

ಆ ಸುಳ್ಳು ಹತ್ತು ವರ್ಷ ನಮ್ಮ ಮನೆಯಲ್ಲೇ ಉಂಡು ಮಲಗಿತು. ಈಗ ಎದ್ದು ನಿಶ್ಚಿತಾರ್ಥದ ಹೊಸ್ತಿಲಿಗೆ ಬಂದಿದೆ.

ಶಾಮಲಮ್ಮನನ್ನು ದೂರಬೇಡಿ. ಅವಳ ಲೆಕ್ಕ ಅವಳಿಗೆ ಸರಿಯೇ. ಚಂದ್ರುವಿಗೆ ಮೂವತ್ತೈದಾಯಿತು, ರೈತನಿಗೆ ಹೆಣ್ಣು ಕೊಡುವವರಿಲ್ಲ. ಗೋಪಿಯಂಥ ಅಣ್ಣ ಇರುವ ಮನೆಯಿಂದ ಹೆಣ್ಣು ತರುವವರೂ ಇಲ್ಲ. ಅನಿತ ಮನೆಯಲ್ಲೇ ಉಳಿದರೆ ಮುಂದೆ ಗೋಪಿಯನ್ನು ನೋಡಿಕೊಳ್ಳುತ್ತಾಳೆ. ಒಂದೇ ಮದುವೆಯಲ್ಲಿ ಮೂರು ಚಿಂತೆ ಕಳೆಯಿತು. ಆದರೆ ಅನಿತ ಕೋಲಾರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಓದುತ್ತಿದ್ದಾಳೆ. ಹೋದ ತಿಂಗಳು ಅಣ್ಣನ ಟಾನಿಕ್ ಬಾಟಲಿಯ ಮೇಲಿನ ಚೀಟಿ ಓದಿದಳು. ನೇರ ನನ್ನ ಹತ್ತಿರ ಬಂದಳು. "ತಾತ, ಇದು ನೀರಿನ ವಿಷಕ್ಕೆ ಕೊಡೋ ಔಷಧಿ ಅಲ್ಲ. ನಿಮಗೆ ಗೊತ್ತಿತ್ತಾ?" ಎಂದಳು. ನಾನು ಹಿಪ್ಪುನೇರಳೆ ತೋಟದ ಕಡೆ ನೋಡಿದೆ. "ಹುಳಕ್ಕೆ ಅಷ್ಟೆಲ್ಲ ನೋಡ್ತಿದ್ರಿ. ನಮಗ್ಯಾಕೆ ನೋಡ್ಲಿಲ್ಲ?" ಎಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ.

ಅನಿತ, ಚಂದ್ರು ಇಬ್ಬರೂ ರಕ್ತ ಕೊಟ್ಟರು. ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಗುರುವಾರ ವರದಿ ಬಂತು. ಇಬ್ಬರಲ್ಲೂ ಆ ಒಂದೊಂದು ಪ್ರತಿ ಇದೆ. ಇದನ್ನು ಮೈಕಿನಲ್ಲಿ ಹೇಳಲೇ ಎಂದು ಇಬ್ಬರನ್ನೂ ಕೇಳಿದೆ. ಅನಿತ "ಹೇಳಿ ತಾತ, ನನ್ನ ನೋಡೋಕೆ ಬರೋರಿಗೆ ಇದು ಗೊತ್ತಿರ್ಲಿ" ಎಂದಳು. ಚಂದ್ರು ತಲೆಯಾಡಿಸಿದ. ಗೋಪಿ ಒಂದು ಮಾತು ಸೇರಿಸಿದ: "ನನ್ನ ಹೆಸರು ಹೇಳ್ಕೊಂಡು ಅವಳನ್ನ ಈ ಮನೆಗೆ ಕಟ್ಟಿಹಾಕ್ಬೇಡಿ ತಾತ. ನನಗೆ ಕೈ ಇದೆ." ಅವನು ಮೊಬೈಲ್ ರಿಪೇರಿ ಮಾಡುತ್ತಾನೆ, ನಿಮ್ಮ ಫೋನೆಲ್ಲ ಅವನ ಕೈಯಿಂದಲೇ ಉಳಿದುಕೊಂಡಿರುವುದು.

ಗುರುವಾರ ಶಾಮಲಮ್ಮನ ಮುಂದೆ ಆ ಕಾಗದ ಇಟ್ಟೆ. ಅವಳು ಓದು ಬಾರದವಳು, ಕಾಗದವನ್ನು ಕಣ್ಣೆತ್ತಿಯೂ ನೋಡಲಿಲ್ಲ. "ನೀರು ಅಂತ ಊರಿಗೆಲ್ಲ ಮೈಕಲ್ಲಿ ಹೇಳಿದ್ದು ನೀವೇ ಅಲ್ವಾ? ಈಗ ನೀರು ಸರಿಹೋಯ್ತಲ್ಲ, ಇನ್ನೇನು?" ಎಂದಳು. ನನ್ನ ಮಾತಿಗೆ ನನ್ನ ಮಾತೇ ಅಡ್ಡ ನಿಂತಿತು. ಶಾಮಲಾ, ನೀನು ಸೆರಗು ಬಾಯಿಗೆ ಇಟ್ಟುಕೊಂಡಿರುವುದು ಕಾಣುತ್ತಿದೆ. ಈ ದೋಷ ನಿನ್ನ ತವರಿನದು ಎಂದು ನಾಳೆ ಯಾರಾದರೂ ಬಾಯಿಬಿಟ್ಟರೆ ನನ್ನ ಹತ್ತಿರ ಕಳಿಸು. ಇಲ್ಲಿ ಕೂತಿರುವ ಒಬ್ಬೊಬ್ಬರಲ್ಲೂ ಇಂಥದ್ದು ಒಂದಲ್ಲ ಒಂದು ಇದ್ದೇ ಇರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಇರುವುದು ತಪ್ಪಲ್ಲ. ಒಂದೇ ಮನೆಯ ಎರಡನ್ನು ತಂದು ಜೋಡಿಸಿದ್ದು ತಪ್ಪು, ಜೋಡಿಸಿದವನು ನಾನು.

ಭಾನುವಾರದ ನಿಶ್ಚಿತಾರ್ಥ ಇಲ್ಲ. ದಯವಿಟ್ಟು ಯಾರೂ ಬರಬೇಡಿ. ಘಟಕದ ನೀರನ್ನೇ ಕುಡಿಯಿರಿ, ಅದನ್ನು ಬಿಡಬೇಡಿ, ನಾನು ಹೇಳಿದ್ದು ಅರ್ಧವಾದರೂ ಆ ಅರ್ಧ ನಿಜ. ಮಕ್ಕಳಿಗೆ ಒಂದು ಲೋಟ ಹಾಲು ಎತ್ತಿಟ್ಟು ಉಳಿದದ್ದನ್ನು ಡೈರಿಗೆ ಹಾಕಿ. ಮನೆಯೊಳಗೆ ಹೆಣ್ಣು ಗಂಡು ಗೊತ್ತು ಮಾಡಿರುವವರು ಡಾಕ್ಟರ ಹತ್ತಿರ ಹೋಗಿ ಬನ್ನಿ. ಇದು ಊರಿಗೆ.

ಇನ್ನು ಒಂದು ಮಾತು ಉಳಿದಿದೆ. ಅದು ಸುನಂದಳಿಗೆ.

ಭಾರತಿಯನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ನೀನು ಕೇಳಿದೆಯಮ್ಮ: "ಅಪ್ಪ, ನನ್ನ ಮಗು ಬೋರ್ ನೀರು ಒಂದು ಗುಟುಕೂ ಕುಡೀಲಿಲ್ಲ. ಮತ್ಯಾಕೆ ಹೋಯ್ತು?" ನಾನು ಅಂದೆ, ನೀನು ಚಿಕ್ಕಂದಿನಲ್ಲಿ ಕುಡಿದ ನೀರು ನಿನ್ನ ಮೂಳೆಯಲ್ಲಿ ಉಳಿದಿತ್ತು, ಅದು ಮಗುವಿಗೆ ಇಳಿಯಿತು ಎಂದು. ಹತ್ತು ವರ್ಷದಿಂದ ನೀನು ಅದನ್ನೇ ನಂಬಿದ್ದೀಯ. ನನ್ನ ಮೈಯಿಂದಲೇ ಮಗು ಹೋಯಿತು ಎಂದು ಒಬ್ಬಳೇ ಅಳುತ್ತೀಯ ಎಂದು ಮುನಿಶಾಮಿ ಹೇಳಿದ್ದಾನೆ. ಅದು ಸುಳ್ಳು, ಸುನಂದ. ನಿನ್ನಿಂದ ಹೋಗಲಿಲ್ಲ. ಗೋಪಿ ಈಗ ಕುಡಿಯುತ್ತಿದ್ದಾನಲ್ಲ, ಅದೇ ಔಷಧಿಯನ್ನು ಕೊಟ್ಟಿದ್ದರೆ ಭಾರತಿ ಬದುಕುತ್ತಿದ್ದಳು. ಇವತ್ತು ಹದಿನಾಲ್ಕು ವರ್ಷದ ಹುಡುಗಿ. ಗೋಪಿಗೆ ಐದು ವರ್ಷವಿದ್ದಾಗಲೇ ರಕ್ತ ಪರೀಕ್ಷೆ ಮಾಡಿಸಿದ್ದರೆ, ಭಾರತಿಯ ಕಾಯಿಲೆ ಅವಳು ಹುಟ್ಟಿದಾಗಲೇ ಗೊತ್ತಾಗುತ್ತಿತ್ತು. ಬೇಡ ಎಂದು ಕೂಗಿದವನು ನಾನು. ಇದೂ ನನಗೆ ಆ ದಿನವೇ ಆಸ್ಪತ್ರೆಯಲ್ಲಿ ಗೊತ್ತಾಯಿತು. ಗೊತ್ತಿದ್ದೂ ನಿನ್ನ ಮುಖಕ್ಕೆ ಸುಳ್ಳು ಹೇಳಿದೆ.

ನಿನ್ನ ಮದುವೆಯ ದಿನ ನಿನಗೆ ಮಾತಾಡಲು ಬಿಡಲಿಲ್ಲ. ಮಗು ಹೋದ ದಿನವೂ ಬಿಡಲಿಲ್ಲ. ಈಗ ಏನು ಹೇಳಬೇಕೋ ಹೇಳು. ಇಷ್ಟು ಜನರ ಮುಂದೆ ಹೇಳು, ಮನೆಗೆ ಹೋಗುವವರೆಗೆ ಕಾಯಬೇಡ. ಮನೆಗೆ ಹೋದರೆ ನಾನು ಅಪ್ಪನಾಗಿಬಿಡುತ್ತೇನೆ, ನೀನು ಸುಮ್ಮನಾಗಿಬಿಡುತ್ತೀಯ.

ಸುನಂದ ಎದ್ದಿದ್ದಾಳೆ. ಸ್ವಲ್ಪ ಕಾಲು ಮಡಚಿಕೊಳ್ಳಿ, ಅವಳಿಗೆ ದಾರಿ ಬಿಡಿ. ಬೇಡ ಶಾಮಲಾ, ಅವಳ ಕೈ ಬಿಡು, ಬರಲಿ. ಮೈಕಿನವನೇ, ಆಫ್ ಮಾಡಬೇಡಪ್ಪ, ಸ್ವಲ್ಪ ತಗ್ಗಿಸಿಡು, ಅವಳು ನನಗಿಂತ ಗಿಡ್ಡ. ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆ. ನನ್ನದು ಮುಗಿಯಿತು. ಇನ್ನು ನನ್ನ ಮಗಳು ಮಾತಾಡುತ್ತಾಳೆ. ನಮಸ್ಕಾರ.